ನಿಮ್ಮ ದೀನ್ ಯಾವುದು ಎಂದು ಕೇಳಿದರೆ ನಮ್ಮ ಮಕ್ಕಳು ಏನು ಹೇಳಬೇಕು?

 

ಕಳೆದ ಮೂರು ಜುಮಾಗಳಲ್ಲಿ ಮಿಂಬರಿನ ಮೇಲಿಂದ ಒಂದೇ ವಿಷಯವನ್ನು ಹೇಳುತ್ತ ಬಂದೆ. ಬಯಾನ್ ಉರ್ದುವಿನಲ್ಲಿತ್ತು, ಸಮಯವೂ ಕಡಿಮೆ. ಅದನ್ನೇ ಇಲ್ಲಿ ಕನ್ನಡದಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಖೂಬಾ ಪ್ಲಾಟಿನ ಇಬ್ಬರು ಪೋಷಕರು ಬೇರೆಬೇರೆಯಾಗಿ ಬಂದು ಹೇಳಿದ ಎರಡು ಸಂಗತಿಗಳು ಇದಕ್ಕೆ ಕಾರಣ. ಹೈಸ್ಕೂಲಿಗೆ ಹೋಗುವ ಒಬ್ಬ ಹುಡುಗಿಗೆ ಅವಳ ಗೆಳತಿ ಕೇಳಿದಳಂತೆ: "ನಿಮ್ಮ ಮಸೀದ್ಯಾಗ ಮೂರ್ತಿನೇ ಇರಂಗಿಲ್ಲಲ್ಲ, ಹಂಗಾದ್ರ ನೀವು ಯಾರಿಗಿ ಕೈ ಮುಗೀತೀರಿ?" ಕೇಳಿದವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಕುರ್‌ಆನನ್ನು ಎರಡು ಸಲ ನೋಡಿ ಓದಿ ಮುಗಿಸಿದ ನಮ್ಮ ಹುಡುಗಿ ಏನೂ ಹೇಳಲಾಗದೆ ಸುಮ್ಮನೆ ಕುಳಿತಳು. ಇನ್ನೊಬ್ಬ ಹುಡುಗನಿಗೆ ಬಂದ ಪ್ರಶ್ನೆ ಬೇರೆ: "ನಿಮ್ಮೋರು ಇಲ್ಲಿಗಿ ಯಾವಾಗ ಬಂದ್ರಿ?" ಇದರಲ್ಲಿ ಸ್ವಲ್ಪ ಚುಚ್ಚು ಇತ್ತು. ಅವನು ಕೈಯಿಂದ ಉತ್ತರ ಕೊಟ್ಟು ಮನೆಗೆ ಬಂದ.

ಒಬ್ಬಳ ಬಾಯಿ ಕಟ್ಟಿತು, ಇನ್ನೊಬ್ಬನ ಕೈ ಮುಂದಾಯಿತು. ಎರಡಕ್ಕೂ ಮೂಲ ಒಂದೇ. ನಾವು ಮಕ್ಕಳಿಗೆ ಅರಬಿ ಅಕ್ಷರ ಕಲಿಸಿದ್ದೇವೆ, ನಮಾಜಿನ ಸೂರಗಳನ್ನು ಬಾಯಿಪಾಠ ಮಾಡಿಸಿದ್ದೇವೆ, ಆದರೆ ದೀನ್ ಎಂದರೇನು ಎಂದು ಅವರು ಶಾಲೆಯಲ್ಲಿ ಮಾತಾಡುವ ಭಾಷೆಯಲ್ಲಿ ಒಮ್ಮೆಯೂ ಕೂಡಿಸಿಕೊಂಡು ಹೇಳಿಲ್ಲ.

ನಮ್ಮ ಚರಿತ್ರೆಯಲ್ಲಿ ಇಸ್ಲಾಮಿನ ಪರಿಚಯವನ್ನು ಬೇರೆ ಧರ್ಮದವರ ಮುಂದೆ ಚೆನ್ನಾಗಿ ಮಾಡಿಕೊಟ್ಟವರು ಒಬ್ಬ ತರುಣ. ಹಜರತ್ ಜಾಫರ್ ಬಿನ್ ಅಬೂ ತಾಲಿಬ್(ರ). ಕ್ರಿ.ಶ. 615ರ ಹೊತ್ತಿಗೆ ಮಕ್ಕಾದಲ್ಲಿ ಹಿಂಸೆ ತಡೆಯಲಾಗದೆ ಕೆಲವು ಮುಸ್ಲಿಮರು ಸಮುದ್ರ ದಾಟಿ ಹಬಶಾ ದೇಶಕ್ಕೆ, ಅಂದರೆ ಇಂದಿನ ಇಥಿಯೋಪಿಯಾ ಕಡೆಗೆ ಹೋದರು. ಅಲ್ಲಿನ ರಾಜ ನಜಾಶಿ ಕ್ರೈಸ್ತ. ಅವರನ್ನು ಹಿಡಿದು ತರಲು ಕುರೈಶರು ಉಡುಗೊರೆಗಳ ಜೊತೆ ಇಬ್ಬರು ದೂತರನ್ನು ಕಳಿಸಿದರು. ದರ್ಬಾರಿನಲ್ಲಿ ರಾಜ ಕೇಳಿದ: ನಿಮ್ಮ ಹಿರಿಯರ ಧರ್ಮ ಬಿಟ್ಟಿರಿ, ನನ್ನ ಧರ್ಮಕ್ಕೂ ಬರಲಿಲ್ಲ, ಹಾಗಾದರೆ ಇದೇನು ಹೊಸದು?

ಜಾಫರ್(ರ) ಹೇಗೆ ಉತ್ತರಿಸಿದರು ನೋಡಿ. ಮೊದಲು ತಮ್ಮ ಜನ ಹೇಗಿದ್ದರು ಎಂದು ಹೇಳಿದರು. ಕಲ್ಲುಗಳನ್ನು ಪೂಜಿಸುತ್ತಿದ್ದೆವು, ಸತ್ತದ್ದನ್ನು ತಿನ್ನುತ್ತಿದ್ದೆವು, ಬಂಧುತ್ವ ಕಡಿಯುತ್ತಿದ್ದೆವು, ನೆರೆಯವರನ್ನು ಕಾಡುತ್ತಿದ್ದೆವು, ಬಲವಿದ್ದವನು ಬಲವಿಲ್ಲದವನನ್ನು ನುಂಗುತ್ತಿದ್ದ ಎಂದರು. ಆಮೇಲೆ ತಮ್ಮೊಳಗಿನಿಂದಲೇ ಒಬ್ಬರು ಪ್ರವಾದಿ ಬಂದರು, ಅವರ ಸತ್ಯ, ಅವರ ನಂಬಿಕಸ್ತಿಕೆ ತಮಗೆ ಮೊದಲೇ ಗೊತ್ತಿತ್ತು ಎಂದರು. ಅವರು ಒಬ್ಬನೇ ದೇವನನ್ನು ಆರಾಧಿಸಲು, ನಿಜ ನುಡಿಯಲು, ಅಮಾನತು ಮರಳಿಸಲು, ಬಂಧುಗಳ ಜೊತೆ ಕೂಡಿಕೊಂಡಿರಲು, ನೆರೆಯವರಿಗೆ ಒಳ್ಳೆಯದು ಮಾಡಲು, ರಕ್ತಪಾತ ಬಿಡಲು, ಅನಾಥರ ಆಸ್ತಿ ಮುಟ್ಟದಿರಲು, ಮಾನವಂತ ಹೆಣ್ಣುಮಕ್ಕಳ ಮೇಲೆ ಅಪವಾದ ಹೊರಿಸದಿರಲು ಕಲಿಸಿದರು ಎಂದರು. ಆ ಬಳಿಕವೇ ನಮಾಜ್, ಜಕಾತ್‌ಗಳ ಮಾತು ಬಂತು. ಒಂದು ಚಿಕ್ಕ ಭಾಷಣದಲ್ಲಿ ನೆರೆಯವರ ಹೆಸರು ಎರಡು ಸಲ ಬಂದಿದೆ. ನಾವು ಇಂದು ಇಸ್ಲಾಮಿನ ಬಗ್ಗೆ ಮಾತಾಡುವಾಗ ಟೋಪಿ, ಗಡ್ಡದಿಂದ ಶುರು ಮಾಡುತ್ತೇವೆ. ಅದೂ ಬೇಕು, ಆದರೆ ಜಾಫರ್(ರ) ಅಲ್ಲಿಂದ ಶುರು ಮಾಡಲಿಲ್ಲ.

ರಾಜ ಕುರ್‌ಆನಿನಿಂದ ಏನಾದರೂ ಓದು ಎಂದಾಗ ಅವರು ಸೂರ ಮರ್ಯಮ್‌ನ ಆರಂಭವನ್ನು ಓದಿದರು. ಕ್ರೈಸ್ತ ರಾಜನ ಮುಂದೆ ಮರ್ಯಮ್(ಅ) ಮತ್ತು ಈಸಾ(ಅ)ರ ಕಥೆ! ನಜಾಶಿಯ ಗಡ್ಡ ಕಣ್ಣೀರಿನಿಂದ ತೊಯ್ದಿತು. ದೂತರ ಉಡುಗೊರೆಗಳು ವಾಪಸಾದವು, ಮುಸ್ಲಿಮರಿಗೆ ಆಶ್ರಯ ಸಿಕ್ಕಿತು. ಮುಂದೆ ನಜಾಶಿ ತೀರಿಕೊಂಡ ಸುದ್ದಿ ಬಂದಾಗ ಪ್ರವಾದಿ(ಸ) ಮದೀನಾದಲ್ಲಿ ಅವರಿಗಾಗಿ ಜನಾಜಾ ನಮಾಜ್ ಮಾಡಿಸಿದರು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ನಂಬಿಕೆ ಎಂದರೇನು ಎಂಬುದನ್ನು ಮದ್ರಸಾಗಳಲ್ಲಿ ನಾವು 'ಹದೀಸೆ ಜಿಬ್ರೀಲ್' ಇಟ್ಟುಕೊಂಡು ಕಲಿಸುತ್ತೇವೆ. ಸಹೀಹ್ ಮುಸ್ಲಿಮ್‌ನಲ್ಲಿ ಹಜರತ್ ಉಮರ್(ರ) ಹೇಳಿದ್ದು. ಒಂದು ದಿನ ಅಚ್ಚ ಬಿಳಿ ಬಟ್ಟೆ, ಕಡುಗಪ್ಪು ಕೂದಲಿನ ಒಬ್ಬ ಮನುಷ್ಯ ಬಂದ. ಪ್ರಯಾಣದ ಧೂಳು ಅವನ ಮೈಮೇಲೆ ಇಲ್ಲ, ಆದರೂ ಅವನ ಗುರುತು ಯಾರಿಗೂ ಇಲ್ಲ. ಪ್ರವಾದಿ(ಸ)ರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಒಂದರ ಹಿಂದೊಂದು ಕೇಳಿದ: ಇಸ್ಲಾಮ್ ಎಂದರೇನು? ಈಮಾನ್ ಎಂದರೇನು? ಇಹ್ಸಾನ್ ಎಂದರೇನು? ಉತ್ತರ ಕೇಳಿ ಎದ್ದುಹೋದ. ಬಂದವರು ಜಿಬ್ರೀಲ್(ಅ), ನಿಮಗೆ ದೀನ್ ಕಲಿಸಲು ಬಂದಿದ್ದರು ಎಂದು ಪ್ರವಾದಿ(ಸ) ಆಮೇಲೆ ತಿಳಿಸಿದರು. ಕಲಿಸಲು ಬಂದ ಫರಿಶ್ತೆ ಪಾಠ ಹೇಳಲಿಲ್ಲ, ಪ್ರಶ್ನೆ ಕೇಳಿದರು. ಆದ್ದರಿಂದ ಮಕ್ಕಳು ಪ್ರಶ್ನೆ ಕೇಳಿದರೆ 'ಹಾಗೆಲ್ಲ ಕೇಳಬಾರದು, ಗುನಾಹ್' ಎಂದು ಗದರಿಸುವ ತಂದೆ-ತಾಯಿಗಳು ಈ ಹದೀಸನ್ನು ಇನ್ನೊಮ್ಮೆ ಓದಬೇಕು.

ಈಮಾನಿನ ವಿಷಯಗಳು ಆರು. ಅಲ್ಲಾಹ್, ಆತನ ಫರಿಶ್ತೆಗಳು, ಗ್ರಂಥಗಳು, ರಸೂಲರು, ಆಖಿರತ್, ತಕ್ದೀರ್. ಎಲ್ಲಕ್ಕೂ ಬೇರು ಮೊದಲನೆಯದು, ತೌಹೀದ್. ಭೂಮಿ, ಆಕಾಶ, ನಾವು, ನಮ್ಮ ನೆರೆಯವರು, ಎಲ್ಲವನ್ನೂ ಸೃಷ್ಟಿಸಿದವನು ಒಬ್ಬನೇ. ಆತನಿಗೆ ತಂದೆ-ತಾಯಿ ಇಲ್ಲ, ಮಕ್ಕಳಿಲ್ಲ, ಸಮಾನರಿಲ್ಲ. ಆತನ ರೂಪವನ್ನು ನಾವು ಕಂಡಿಲ್ಲ, ಅದಕ್ಕೇ ಮಾಡಿಡುವುದಿಲ್ಲ. 'ಅಲ್ಲಾಹ್' ಮುಸ್ಲಿಮರ ಸ್ವಂತ ದೇವರ ಹೆಸರು ಎಂದು ಕೆಲವರು ತಿಳಿದಿದ್ದಾರೆ. ಅರಬಿ ಮಾತಾಡುವ ಕ್ರೈಸ್ತರೂ ದೇವರಿಗೆ ಅಲ್ಲಾಹ್ ಎಂದೇ ಅನ್ನುತ್ತಾರೆ. ನಮ್ಮ ಭಾಗದ ಜನಕ್ಕೆ ನಿರಾಕಾರ ದೇವರ ಮಾತು ಹೊಸದಲ್ಲ. ಹನ್ನೆರಡನೇ ಶತಮಾನದಲ್ಲಿ ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಶರಣರು ದೇವರೊಬ್ಬನೇ ಎಂಬ ಮಾತನ್ನು ಅಚ್ಚ ಕನ್ನಡದಲ್ಲಿ ಆಡಿದ್ದಾರೆ. ಎರಡೂ ಒಂದೇ ಎಂದು ಕಲಸಬೇಕಿಲ್ಲ, ಅದು ಇಬ್ಬರಿಗೂ ನ್ಯಾಯವಲ್ಲ. ಆದರೆ ಗೆಳತಿಯೊಂದಿಗೆ ಮಾತು ಶುರು ಮಾಡಲು ಅದು ಒಳ್ಳೆಯ ಬಾಗಿಲು.

ಮೂರ್ತಿ ಇಲ್ಲದಿದ್ದರೆ ಕಾಬಾದ ಕಡೆಗೆ ಯಾಕೆ ಬಾಗುತ್ತೀರಿ ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಕಾಬಾ ನಮಗೆ ದಿಕ್ಕು, ದೇವರಲ್ಲ. ಕಲಬುರಗಿಯಿಂದ ಅದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದೆ. ಮದೀನಾಕ್ಕೆ ಹೋದ ಮೇಲೆ ಹದಿನಾರು-ಹದಿನೇಳು ತಿಂಗಳು ಪ್ರವಾದಿ(ಸ) ಬೈತುಲ್ ಮಕ್ದಿಸ್ ಕಡೆಗೆ ಮುಖ ಮಾಡಿ ನಮಾಜ್ ಮಾಡುತ್ತಿದ್ದರು. ಆಮೇಲೆ ಅಲ್ಲಾಹನ ಆಜ್ಞೆಯಿಂದ ಕಿಬ್ಲಾ ಬದಲಾಯಿತು. ದಿಕ್ಕು ಬದಲಾಯಿತೇ ಹೊರತು ದೇವರು ಬದಲಾಗಲಿಲ್ಲ. ಹಜರೆ ಅಸ್ವದ್ ಮುತ್ತಿಡುವಾಗ ಹಜರತ್ ಉಮರ್(ರ) ಆ ಕಲ್ಲಿಗೇ ಹೇಳಿದರು: ನೀನು ಕಲ್ಲು, ಲಾಭ ಮಾಡಲಾರೆ, ಹಾನಿಯನ್ನೂ ಮಾಡಲಾರೆ, ಪ್ರವಾದಿ(ಸ) ಮುತ್ತಿಟ್ಟದ್ದನ್ನು ಕಂಡಿದ್ದಕ್ಕೆ ನಾನೂ ಇಡುತ್ತಿದ್ದೇನೆ ಎಂಬ ಅರ್ಥದ ಮಾತು ಬುಖಾರಿಯಲ್ಲಿದೆ.

ಫರಿಶ್ತೆಗಳು ಬೆಳಕಿನಿಂದ ಸೃಷ್ಟಿಯಾದವರು, ಆಜ್ಞೆ ಮೀರದವರು. ಗ್ರಂಥಗಳಲ್ಲಿ ತೌರಾತ್, ಜಬೂರ್, ಇಂಜೀಲ್, ಕೊನೆಗೆ ಕುರ್‌ಆನ್. ಪ್ರವಾದಿಗಳಲ್ಲಿ ಇಪ್ಪತ್ತೈದು ಹೆಸರುಗಳು ಕುರ್‌ಆನಿನಲ್ಲಿವೆ. ಆದಮ್, ನೂಹ್, ಇಬ್ರಾಹೀಮ್, ಮೂಸಾ, ದಾವೂದ್, ಈಸಾ, ಅಲೈಹಿಮುಸ್ಸಲಾಮ್, ಎಲ್ಲರೂ ನಮ್ಮವರೇ. ಅಲ್ಲಾಹ್ ಎಚ್ಚರಿಸುವವರನ್ನು ಕಳಿಸದ ಸಮುದಾಯವೇ ಇಲ್ಲ ಎಂದೂ ಕುರ್‌ಆನ್ ತಿಳಿಸುತ್ತದೆ. ಹಾಗಿರುವಾಗ ಬೇರೆಯವರ ಹಿರಿಯರ ಬಗ್ಗೆ, ಅವರು ಪೂಜಿಸುವವರ ಬಗ್ಗೆ ಹಗುರವಾಗಿ ಮಾತಾಡಲು ನಮ್ಮ ಮಕ್ಕಳಿಗೆ ಪರವಾನಗಿ ಎಲ್ಲಿದೆ? ಸೂರ ಅನ್‌ಆಮ್‌ನಲ್ಲಿ ಅದನ್ನು ನೇರವಾಗಿ ನಿಷೇಧಿಸಲಾಗಿದೆ. ಮೊಬೈಲಿನಲ್ಲಿ ಬಂದದ್ದನ್ನು ನೋಡದೆ ಮುಂದೆ ತಳ್ಳುವ ಯುವಕರು ಇದನ್ನು ನೆನಪಿಡಬೇಕು.

ಆಖಿರತ್ ಅರ್ಥ ಮಾಡಿಸಲು ನಮ್ಮೂರಿನ ಗಂಜ್ ಸಾಕು. ಕಲಬುರಗಿ ತೊಗರಿಯ ಕಣಜ. ಸುಗ್ಗಿಯಲ್ಲಿ ರೈತ ತಂದ ಚೀಲ ತಕ್ಕಡಿ ಏರುತ್ತದೆ. ಆ ತಕ್ಕಡಿಯ ಮುಂದೆ ನಿಂತ ಮನುಷ್ಯನಿಗೆ, ತನ್ನ ಮೇಲೆ ಇನ್ನೊಂದು ತಕ್ಕಡಿ ಇದೆ ಎಂಬ ನಂಬಿಕೆಯೇ ಆಖಿರತ್. ಸೂರ ಮುತಫ್ಫಿಫೀನ್ ಶುರುವಾಗುವುದೇ ತೂಕ-ಅಳತೆಯಲ್ಲಿ ಮೋಸ ಮಾಡುವವರಿಗೆ ನಾಶದ ಎಚ್ಚರಿಕೆಯಿಂದ: ತಾವು ತೆಗೆದುಕೊಳ್ಳುವಾಗ ಪೂರ್ತಿ, ಕೊಡುವಾಗ ಕಡಿಮೆ, ಇವರಿಗೆ ತಾವು ಮತ್ತೆ ಎಬ್ಬಿಸಲ್ಪಡುತ್ತೇವೆ ಎಂಬ ಅರಿವಿಲ್ಲವೇ ಎಂದು ಅಲ್ಲಿ ಕೇಳಲಾಗಿದೆ. ಹಜರತ್ ಶುಐಬ್(ಅ)ರ ಜನರ ಕಥೆಯೂ ಇದೇ. ತೌಹೀದ್ ಮತ್ತು ತಕ್ಕಡಿ, ಈ ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು. ಐದು ಹೊತ್ತು ನಮಾಜ್ ಮಾಡಿ ತೂಕದಲ್ಲಿ ಕದ್ದವನನ್ನು ಕಂಡ ರೈತ ನಮ್ಮ ದೀನಿನ ಬಗ್ಗೆ ಏನು ತಿಳಿಯುತ್ತಾನೆ? ಅವನಿಗೆ ನಾನು ಬರೆಯುವ ಲೇಖನ ಸಿಗುವುದಿಲ್ಲ, ಆ ವ್ಯಾಪಾರಿಯೇ ಸಿಗುತ್ತಾನೆ.

ತಕ್ದೀರ್ ಬಗ್ಗೆ ಹರೆಯದ ಮಕ್ಕಳು ಹೆಚ್ಚು ಕೇಳುತ್ತಾರೆ. ಎಲ್ಲ ಬರೆದಿಟ್ಟಿದ್ದರೆ ಪರೀಕ್ಷೆಗೆ ಓದುವುದು ಯಾಕೆ, ಹಜರತ್? ಹಿಜ್ರಿ 18ರಲ್ಲಿ ಹಜರತ್ ಉಮರ್(ರ) ಶಾಮ್ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಅಲ್ಲಿ ಪ್ಲೇಗ್ ಹರಡಿದೆ ಎಂದು ತಿಳಿಯಿತು. ಸಮಾಲೋಚನೆ ಮಾಡಿ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ತಕ್ದೀರಿನಿಂದ ಓಡುತ್ತೀರಾ ಎಂದು ಹಜರತ್ ಅಬೂ ಉಬೈದಾ(ರ) ಕೇಳಿದಾಗ, ಒಂದು ತಕ್ದೀರಿನಿಂದ ಅಲ್ಲಾಹನದೇ ಇನ್ನೊಂದು ತಕ್ದೀರಿನ ಕಡೆಗೆ ಹೋಗುತ್ತಿದ್ದೇವೆ ಎಂಬ ಉತ್ತರ ಕೊಟ್ಟರು. ರೋಗ ಇದ್ದ ಊರಿಗೆ ಹೋಗಬೇಡಿ, ಇರುವ ಊರಿಂದ ಓಡಬೇಡಿ ಎಂಬ ಪ್ರವಾದಿ ವಚನವನ್ನು ಹಜರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಆಗಲೇ ಅವರಿಗೆ ತಿಳಿಸಿದರು. ನಮ್ಮ ಕೈಲಾದದ್ದು ಮಾಡುವುದು ನಮ್ಮ ಕೆಲಸ, ಫಲ ಅಲ್ಲಾಹನ ಕೈಯಲ್ಲಿ. ಓದದೆ ತಕ್ದೀರಿನ ಮೇಲೆ ಹಾಕುವುದು ಸೋಮಾರಿತನ.

ಇಸ್ಲಾಮಿನ ಐದು ಸ್ತಂಭಗಳು ನಿಮಗೆ ಗೊತ್ತು: ಕಲಿಮಾ, ನಮಾಜ್, ರೋಜಾ, ಜಕಾತ್, ಹಜ್. ಇವುಗಳಲ್ಲಿ ಹೊರಗಿನವರಿಗೆ ಅತಿ ಕಡಿಮೆ ಕಾಣುವುದು ಜಕಾತ್. ನಿಸಾಬ್ ಇರುವವನ ಉಳಿತಾಯದಲ್ಲಿ ವರ್ಷಕ್ಕೆ ನಲವತ್ತರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ ಎರಡೂವರೆ. ಯಾರಿಗೆ ಸೇರಬೇಕು ಎಂಬ ಎಂಟು ವರ್ಗಗಳು ಸೂರ ತೌಬಾದಲ್ಲಿವೆ. ಬಡವರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರು ಅದರಲ್ಲಿದ್ದಾರೆ. ಅದು ಭಿಕ್ಷೆಯಲ್ಲ, ಅವರ ಹಕ್ಕು. ಇನ್ನು ಇಹ್ಸಾನ್ ಎಂದರೆ, ಅಲ್ಲಾಹನನ್ನು ಕಾಣುತ್ತಿರುವಂತೆ ಆರಾಧಿಸುವುದು. ನಾವು ಕಾಣದಿದ್ದರೂ ಆತ ಕಾಣುತ್ತಿದ್ದಾನೆ ಎಂಬ ಎಚ್ಚರ.

ಚರಿತ್ರೆಯ ಮೊದಲ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಸೀರತ್ ಜಲಸಾಗಳಲ್ಲಿ ಕೇಳಿರುತ್ತೀರಿ. ಪ್ರವಾದಿ(ಸ) ಕ್ರಿ.ಶ. 570ರ ಸುಮಾರಿಗೆ ಮಕ್ಕಾದಲ್ಲಿ ಹುಟ್ಟಿದರು, ಹುಟ್ಟುವ ಮೊದಲೇ ತಂದೆ ಇಲ್ಲ, ಆರನೇ ವಯಸ್ಸಿಗೆ ತಾಯಿಯೂ ಇಲ್ಲ. 610ರಲ್ಲಿ ಹಿರಾ ಗುಹೆಯಲ್ಲಿ ಮೊದಲ ವಹೀ ಬಂತು. ಅದರ ಮೊದಲ ಪದವೇ 'ಓದು' ಎಂಬ ಆಜ್ಞೆ. ಮಕ್ಕಾದಲ್ಲಿ ಹದಿಮೂರು ವರ್ಷ ಏಟು ತಿಂದರು, ಕೈ ಎತ್ತಲಿಲ್ಲ. 622ರಲ್ಲಿ ಮದೀನಾಕ್ಕೆ ಹಿಜ್ರತ್. ಅಲ್ಲಿ ಯಹೂದಿಯರೂ ಸೇರಿದಂತೆ ಊರಿನ ಬಣಗಳ ನಡುವೆ ಒಪ್ಪಂದ ಬರೆಯಿಸಿದರು. ಅದರ ಪ್ರಕಾರ ಅವರವರ ದೀನ್ ಅವರವರಿಗೆ, ಊರಿನ ರಕ್ಷಣೆ ಎಲ್ಲರಿಗೂ. 630ರಲ್ಲಿ ಮಕ್ಕಾ ಕೈಗೆ ಬಂದ ದಿನ, ಇಪ್ಪತ್ತು ವರ್ಷ ಕಾಡಿದವರನ್ನು ಕ್ಷಮಿಸಿದರು. ಕಾಬಾದ ಬೀಗದ ಕೈಯನ್ನು ತಮ್ಮ ಕುಟುಂಬಕ್ಕೆ ಇಟ್ಟುಕೊಳ್ಳದೆ ಹಳೆಯ ಕಾವಲುಗಾರ ಉಸ್ಮಾನ್ ಬಿನ್ ತಲ್ಹಾ(ರ) ಅವರಿಗೇ ಮರಳಿಸಿದರು. ಹಜ್ಜತುಲ್ ವಿದಾದಲ್ಲಿ ಅರಬನಿಗೆ ಅರಬನಲ್ಲದವನ ಮೇಲೆ, ಬಿಳಿಯನಿಗೆ ಕರಿಯನ ಮೇಲೆ ಯಾವ ಹಿರಿಮೆಯೂ ಇಲ್ಲ ಎಂದು ಸಾರಿದರು. 632ರಲ್ಲಿ ವಫಾತ್. ನಂತರ ಅಬೂಬಕರ್, ಉಮರ್, ಉಸ್ಮಾನ್, ಅಲೀ (ರ) ಖಲೀಫರಾದರು. ಕುರ್‌ಆನ್ ಒಂದೆಡೆ ಸೇರಿಸಿ ಬರೆದಿಟ್ಟದ್ದು ಮೊದಲನೆಯವರ ಕಾಲದಲ್ಲಿ, ಅದರ ಪ್ರತಿಗಳು ನಾಡುನಾಡಿಗೆ ಹೋದದ್ದು ಮೂರನೆಯವರ ಕಾಲದಲ್ಲಿ.

ಆ ಹುಡುಗನಿಗೆ ಬಂದ ಪ್ರಶ್ನೆ ಇಲ್ಲಿಂದ ಮುಂದಿನದು. 'ನಿಮ್ಮವರು ಯಾವಾಗ ಬಂದಿರಿ' ಎಂಬುದಕ್ಕೆ ಮೊದಲ ಉತ್ತರ: ನಮ್ಮಲ್ಲಿ ಹೆಚ್ಚಿನವರು ಎಲ್ಲಿಂದಲೂ ಬಂದಿಲ್ಲ. ಬಂದದ್ದು ದೀನ್. ನಮ್ಮ ಮುತ್ತಜ್ಜಂದಿರು ಇದೇ ಮಣ್ಣಿನ ರೈತರು, ನೇಕಾರರು, ಅರಳೆ ಹಿಂಜುವವರು. ಪಿಂಜಾರ-ನದಾಫ್ ಮನೆಗಳಲ್ಲಿ ಹಲವು ಕಡೆ ಇಂದಿಗೂ ಮನೆಮಾತೇ ಕನ್ನಡ. ಒಬ್ಬ ಅರಬ್ ಪೂರ್ವಜನನ್ನು ಹುಡುಕಿ ತಂದು ವಂಶಾವಳಿ ಬರೆಸುವ ಗೀಳು ನಮ್ಮಲ್ಲಿ ಕೆಲವರಿಗಿದೆ. ಹಜ್ಜತುಲ್ ವಿದಾದ ಮಾತು ಕೇಳಿದವರಿಗೆ ಅದರ ಅಗತ್ಯವಿಲ್ಲ.

ಕರ್ನಾಟಕಕ್ಕೆ ದೀನ್ ಮೊದಲು ಬಂದದ್ದು ಹಡಗಿನಲ್ಲಿ, ವ್ಯಾಪಾರಿಗಳ ಜೊತೆ. ಕರಾವಳಿಯ ಬಂದರುಗಳಿಗೂ ಅರಬರಿಗೂ ಇಸ್ಲಾಮಿಗಿಂತ ಹಳೆಯ ವ್ಯಾಪಾರದ ನಂಟು. ಭಟ್ಕಳದ ನವಾಯತರು ಆ ನಂಟಿನ ಕುಡಿಗಳು. ಹದಿನಾಲ್ಕನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನೆ ಬತೂತಾ ಹೊನ್ನಾವರಕ್ಕೆ ಬಂದಾಗ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು, ಹೆಂಗಸರು ಕುರ್‌ಆನ್ ಬಾಯಿಪಾಠ ಮಾಡಿದ್ದರೆಂದು ಬರೆದಿದ್ದಾನೆ. ಇಷ್ಟು ದೇಶ ತಿರುಗಿದ ಮನುಷ್ಯ ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವಂತೆ. ಹೆಣ್ಣುಮಗಳನ್ನು ಹತ್ತನೇ ತರಗತಿಗೆ ನಿಲ್ಲಿಸುವ ತಂದೆಯರಿಗೆ ಈ ಹದಿಮೂರು ಶಾಲೆಗಳ ಲೆಕ್ಕವನ್ನು ನಾನು ಆಗಾಗ ಹೇಳುತ್ತಿರುತ್ತೇನೆ.

ನಮ್ಮ ಕಡೆಗೆ ಕಥೆ ಬೇರೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ್ ದೆಹಲಿಯಿಂದ ಬೇರೆಯಾಗಿ ರಾಜ್ಯ ಕಟ್ಟಿ ಗುಲ್ಬರ್ಗಾವನ್ನು ರಾಜಧಾನಿ ಮಾಡಿದ. ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು, ಕಟ್ಟಿದವನು ಇರಾನಿನ ಕಜ್ವೀನ್ ಊರಿನ ರಫೀ. ನಡುವೆ ಬಯಲು ಅಂಗಳ ಬಿಡದೆ ಇಡೀ ಮಸೀದಿಗೆ ಗುಮ್ಮಟಗಳ ಚಾವಣಿ ಹಾಕಿದ್ದು ಭಾರತದಲ್ಲಿ ಅಪರೂಪ. ಸ್ಪೇನಿನ ಕೊರ್ಡೋವಾ ಮಸೀದಿಯ ನಕಲು ಎಂದು ಮಾರ್ಗದರ್ಶಕರು ಹೇಳುವುದುಂಟು. ಕೊರ್ಡೋವಾದಲ್ಲಿ ದೊಡ್ಡ ಅಂಗಳವೂ ಇದೆ, ಕಮಾನುಗಳ ರೀತಿಯೂ ಬೇರೆ, ಹಾಗಾಗಿ ನನಗೆ ಆ ಮಾತು ಒಪ್ಪಿಗೆಯಿಲ್ಲ. ನಮ್ಮದು ನಮ್ಮದೇ ಆಗಿ ಚೆಂದ ಇದೆ.

ಒಂದು ಮಾತು ಸ್ಪಷ್ಟವಾಗಿರಲಿ. ಸುಲ್ತಾನರು ರಾಜರು. ರಾಜರು ಎಲ್ಲ ಕಾಲದಲ್ಲಿ ಮಾಡಿದ್ದನ್ನೇ ಮಾಡಿದರು. ಕಟ್ಟಿದರು, ಕೆಡವಿದರು, ಭೂಮಿ-ಕೋಟೆಗಾಗಿ ಕಾದಾಡಿದರು, ತಮ್ಮ ಅಣ್ಣ-ತಮ್ಮಂದಿರನ್ನೂ ಬಿಡಲಿಲ್ಲ. ಅವರ ಯುದ್ಧಗಳನ್ನು ದೀನ್ ಎಂದು ಹೊತ್ತುಕೊಂಡು ನಾವು ಬೀಗಬೇಕಾಗಿಲ್ಲ, ಅದಕ್ಕಾಗಿ ಇಂದಿನ ಮಗು ತಲೆ ತಗ್ಗಿಸಬೇಕಾಗಿಯೂ ಇಲ್ಲ. ದೀನಿನಲ್ಲಿ ಬಲವಂತವಿಲ್ಲ ಎಂಬುದು ಸೂರ ಬಕರಾದ ಆಜ್ಞೆ, ಯಾವ ಸುಲ್ತಾನ ಅದನ್ನು ಮುರಿದಿದ್ದರೂ ತಪ್ಪು ಅವನದು. ಬಹಮನಿ-ವಿಜಯನಗರ ಯುದ್ಧ ಹಿಂದೂ-ಮುಸ್ಲಿಮ್ ಯುದ್ಧವಾಗಿತ್ತು ಎನ್ನುವವರು ಹಂಪಿಗೆ ಹೋಗಿ ನೋಡಲಿ. ಎರಡನೇ ದೇವರಾಯನ ಸೈನ್ಯದಲ್ಲಿ ಮುಸ್ಲಿಮರು ಇದ್ದರು. ಅವನ ಸೇವಕ ಅಹ್ಮದ್ ಖಾನ್ 1439ರಲ್ಲಿ ರಾಜನ ಪುಣ್ಯಕ್ಕಾಗಿ ಕಟ್ಟಿಸಿದ ಮಸೀದಿಯಲ್ಲಿ ಶಾಸನ ಇಂದಿಗೂ ಇದೆ. ಅದು ಕನ್ನಡದಲ್ಲಿದೆ, ಮಸೀದಿಯನ್ನು ಅದರಲ್ಲಿ 'ಧರ್ಮಸಾಲೆ' ಎಂದು ಕರೆಯಲಾಗಿದೆ. ಸುಮಾರು ಆರುನೂರು ವರ್ಷಗಳ ಹಿಂದೆ ಒಬ್ಬ ಮುಸ್ಲಿಮನಿಗೆ ತನ್ನ ಮಸೀದಿಯ ಬಗ್ಗೆ ಕನ್ನಡದಲ್ಲಿ ಬರೆಸಲು ಸಂಕೋಚವಾಗಲಿಲ್ಲ.

ಜನರ ಮನಸ್ಸಿಗೆ ದೀನನ್ನು ತಲುಪಿಸಿದವರು ಬೇರೆಯವರು. ಗುಲ್ಬರ್ಗಾದಲ್ಲಿ ಮೊದಲು ಶೇಖ್ ಸಿರಾಜುದ್ದೀನ್ ಜುನೈದಿ(ರಹ್), ಅವರಿಂದಲೇ ಶೇಖ್ ರೋಜಾ ಎಂಬ ಹೆಸರು. ಆಮೇಲೆ ಹಜರತ್ ಸೈಯದ್ ಮುಹಮ್ಮದ್ ಹುಸೈನಿ(ರಹ್), ನಾವೆಲ್ಲ ಖ್ವಾಜಾ ಬಂದೇ ನವಾಜ್ ಎನ್ನುವವರು. 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ದೌಲತಾಬಾದಿಗೆ ಬಂದು, ಮತ್ತೆ ದೆಹಲಿಗೆ ಹೋಗಿ ನಸೀರುದ್ದೀನ್ ಚಿರಾಗ್ ದೆಹಲವಿ(ರಹ್) ಅವರ ಮುರೀದರಾದರು. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ದೆಹಲಿ ಬಿಟ್ಟು ಗುಜರಾತಿನ ದಾರಿಯಾಗಿ ಇಲ್ಲಿಗೆ ಬಂದರು. ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ತಫ್ಸೀರ್, ಹದೀಸ್, ಫಿಕ್ಹ್ ಕಲಿಸಿದರು. ಸ್ವಾಗತಿಸಿದ ಸುಲ್ತಾನ್ ಫಿರೋಜ್ ಶಾಹನಿಗೂ ಅವರಿಗೂ ಮುಂದೆ ಮನಸ್ತಾಪ ಬಂದು, ಕೋಟೆಯ ಹತ್ತಿರವಿದ್ದ ಖಾನಕಾಹ್ ಬಿಟ್ಟು ದೂರ ಹೋದರು ಎಂದು ಚರಿತ್ರೆಕಾರರು ಬರೆಯುತ್ತಾರೆ. 1422ರಲ್ಲಿ ವಫಾತ್. ಇಂದು ಫಿರೋಜ್ ಶಾಹನ ಗೋರಿ ನೋಡಲು ಪ್ರವಾಸಿಗರು ಹೋಗುತ್ತಾರೆ, ಖ್ವಾಜಾರ ಹತ್ತಿರ ಎಲ್ಲ ಜಾತಿಯ ಜನ ಬರುತ್ತಾರೆ.

ಪಾರಸಿ, ಅರಬಿ ಬಲ್ಲ ಅವರು ಜನರೊಂದಿಗೆ ಜನರ ಮಾತಿನಲ್ಲಿ ಮಾತಾಡಿದರು ಎಂಬುದು ನಮ್ಮೂರಿನ ನೆನಪು. ದಖನಿಯ 'ಮೇರಾಜುಲ್ ಆಶಿಕೀನ್' ಅವರದೇ ಹೌದೋ ಅಲ್ಲವೋ ಎಂದು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಅವರ ನಂತರ ಬಿಜಾಪುರದ ಸೂಫಿಗಳು ಹಿಡಿದ ದಾರಿ ಅನುಮಾನವಿಲ್ಲದ್ದು. ಅವರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರಿಗಾಗಿ ದಖನಿಯಲ್ಲಿ ಚಕ್ಕಿನಾಮಾ ಕಟ್ಟಿದರು, ನೂಲುವವರಿಗಾಗಿ ಚರ್ಖಾನಾಮಾ. ಬೀಸುವ ಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ತೌಹೀದ್ ಕಲಿಸಿದರು. ಓದು ಬಾರದ ನಮ್ಮ ಅಜ್ಜಿಯಂದಿರಿಗೆ ಈಮಾನ್ ತಲುಪಿದ್ದು ಇಂಥ ದಾರಿಗಳಲ್ಲಿ.

ದರ್ಗಾದ ಮಾತು ಬಂತು. ನಮ್ಮೂರಿನಲ್ಲಿ ಈ ವಿಷಯ ಎತ್ತಿದರೆ ದನಿ ಏರುತ್ತದೆ, ಗೊತ್ತು. ಕಬರ್ ಜಿಯಾರತ್ ಆಖಿರತ್ ನೆನಪಿಸುತ್ತದೆ ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಬುಜುರ್ಗರಿಗೆ ಸಲಾಮ್ ಹೇಳಿ, ಫಾತಿಹಾ ಓದಿ, ಅವರ ಜೀವನದಿಂದ ಕಲಿಯಿರಿ. ವಸೀಲಾ ಬಗ್ಗೆ ಉಲಮಾಗಳ ಮಾತು ಬೇರೆಬೇರೆ, ಅದನ್ನು ಚಹಾದಂಗಡಿಯಲ್ಲಿ ತೀರ್ಮಾನಿಸಬೇಡಿ. ಆದರೆ ಕೊಡುವವನು, ಕಸಿಯುವವನು, ಸಜ್ದಾಕ್ಕೆ ಅರ್ಹನು ಅಲ್ಲಾಹ್ ಒಬ್ಬನೇ ಎಂಬಲ್ಲಿ ಭಿನ್ನಾಭಿಪ್ರಾಯವಿಲ್ಲ. ಮೂರ್ತಿ ಇಲ್ಲದೆ ಯಾರಿಗೆ ಕೈ ಮುಗಿಯುತ್ತೀರಿ ಎಂದು ಕೇಳಿದ ಹುಡುಗಿ ಮುಂದಿನ ಉರ್ಸ್‌ನಲ್ಲಿ ನಮ್ಮವರು ಕಬರಿನ ಮುಂದೆ ಹಣೆ ಹಚ್ಚುವುದನ್ನು ಕಂಡರೆ, ನಮ್ಮ ಮಗಳು ಎರಡನೇ ಸಲವೂ ಸುಮ್ಮನಾಗಬೇಕಾಗುತ್ತದೆ.

ಸೆಪ್ಟೆಂಬರ್ 17 ಬಂದಾಗ ಇನ್ನೊಂದು ಪ್ರಶ್ನೆ ಬರುತ್ತದೆ. 1948ರ ಆ ದಿನ ನಿಜಾಮ ಶರಣಾದ, ನಮ್ಮ ಜಿಲ್ಲೆ ಭಾರತ ಒಕ್ಕೂಟಕ್ಕೆ ಸೇರಿತು. ಅದಕ್ಕೆ ಮೊದಲು ರಜಾಕಾರರು ಹಳ್ಳಿಗಳಲ್ಲಿ ಮಾಡಿದ್ದು ಜುಲ್ಮ್. ದೀನಿನ ಹೆಸರು ಹಿಡಿದಿದ್ದರು ಎಂಬುದಕ್ಕೆ ಅದು ಕಡಿಮೆ ಜುಲ್ಮ್ ಆಗುವುದಿಲ್ಲ. ಅವರ ವಿರುದ್ಧ, ಒಕ್ಕೂಟದ ಪರವಾಗಿ ಬರೆದು 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಕೂಡ ಮುಸ್ಲಿಮರೇ. ಆಮೇಲೆ ಅಮಾಯಕ ಮುಸ್ಲಿಮರ ಮೇಲೆ ನಡೆದದ್ದೂ ಜುಲ್ಮ್. ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್‌ಗಳನ್ನೂ ಹೆಸರಿಸಿದೆ. ಎರಡನ್ನೂ ಮಕ್ಕಳಿಗೆ ಹೇಳಿ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವುದು ಸಾಕ್ಷಿಯಲ್ಲ. ನಿಮ್ಮ ವಿರುದ್ಧವೇ ಆದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿ ಎಂಬುದು ಸೂರ ನಿಸಾದ ಆಜ್ಞೆ.

ಭಾಷೆಯ ತೊಡಕು ಶುರುವಾದದ್ದೂ ಅಲ್ಲಿಂದಲೇ. ಹೈದರಾಬಾದ್ ಸಂಸ್ಥಾನದಲ್ಲಿ ಕಚೇರಿ, ಕೋರ್ಟು, ಶಾಲೆ ಎಲ್ಲ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ವ್ಯವಹಾರ ಕನ್ನಡಕ್ಕೆ ತಿರುಗಿತು. ದೀನಿನ ಕಿತಾಬುಗಳು ಮಾತ್ರ ಉರ್ದುವಿನಲ್ಲೇ ಉಳಿದವು. ಅಜ್ಜ ಉರ್ದು ಓದುತ್ತಿದ್ದರು, ಅಪ್ಪ ಅರ್ಧಂಬರ್ಧ, ಮೊಮ್ಮಗಳಿಗೆ ಕನ್ನಡ, ಇಂಗ್ಲಿಷ್ ಬಿಟ್ಟರೆ ಉರ್ದು ಲಿಪಿ ಬಾರದು. ಮನೆಯ ಕಪಾಟಿನಲ್ಲಿ ಅಜ್ಜನ ತಫ್ಸೀರ್ ಬಟ್ಟೆ ಸುತ್ತಿ ಇದೆ. ಉರ್ದು ಕಲಿಸಿ, ಅದು ನಮ್ಮ ದೊಡ್ಡ ಆಸ್ತಿ. ಆದರೆ ಕಲಿಯುವವರೆಗೆ ದೀನ್ ಕಾಯಬೇಕೇ? ಯಾವ ರಸೂಲರನ್ನೂ ಅವರ ಜನರ ಭಾಷೆಯಲ್ಲಲ್ಲದೆ ಕಳಿಸಲಿಲ್ಲ ಎಂದು ಸೂರ ಇಬ್ರಾಹೀಮ್‌ನಲ್ಲಿ ಅಲ್ಲಾಹ್ ತಿಳಿಸುತ್ತಾನೆ. ಕುರ್‌ಆನಿನ ಕನ್ನಡ ಅನುವಾದಗಳು ಈಗ ಒಂದಕ್ಕಿಂತ ಹೆಚ್ಚಿವೆ, ಮೊಬೈಲಿನಲ್ಲೂ ಸಿಗುತ್ತವೆ. ಅರಬಿ ತಿಲಾವತ್ ಬಿಡಬೇಡಿ, ಅದರ ಪಕ್ಕದಲ್ಲಿ ಇದನ್ನಿಡಿ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರು ಮೊದಲು ಸೂರ ಮರ್ಯಮ್ ಓದಲಿ, ನಜಾಶಿಯ ಮುಂದೆ ಓದಿದ್ದು ಅದೇ. ನಂತರ ಸೂರ ಹುಜುರಾತ್. ಅದು ಎರಡೂವರೆ ಪುಟ ಅಷ್ಟೇ, ಗಾಳಿಮಾತು, ಅಡ್ಡಹೆಸರು, ಬೆನ್ನ ಹಿಂದಿನ ಮಾತು ಎಲ್ಲದರ ಬಗ್ಗೆ ಅದರಲ್ಲಿದೆ. ದಿನಕ್ಕೆ ಐದು ಆಯತ್ ಸಾಕು, ಮಗ್ರಿಬ್ ಆದ ಮೇಲೆ ಊಟಕ್ಕೆ ಮೊದಲು, ತಾಯಿ ಓದಲಿ, ಮಕ್ಕಳು ಪ್ರಶ್ನೆ ಕೇಳಲಿ. ಉತ್ತರ ತಿಳಿಯದಿದ್ದರೆ ಒಂದು ಚೀಟಿಯಲ್ಲಿ ಬರೆದು ಜುಮಾಕ್ಕೆ ಬರುವ ತಂದೆ ಅಥವಾ ಅಣ್ಣನ ಕೈಯಲ್ಲಿ ಕಳಿಸಿ. ಹೆಸರು ಬರೆಯಬೇಕಾಗಿಲ್ಲ. ಮುಂದಿನ ಜುಮಾದ ವಿಷಯ ಜಕಾತಿನ ಲೆಕ್ಕ: ಚಿನ್ನ, ಬ್ಯಾಂಕಿನ ಹಣ, ಅಂಗಡಿಯ ಮಾಲು ಮತ್ತು ಕೊಟ್ಟ ಸಾಲ.